ಕುದುರೆ ಮನೆಯ ಸಿಪಾಯಿ

ಹಲವಾಗಲಿನ ನೀರಗಂಟಿ ದುರುಗಪ್ಪನಿಗೆ ಊರವರು ಇಟ್ಟ ಹೆಸರು ‘ಕುದುರಿ ದುರುಗಪ್ಪ’. ಪುಣ್ಯಾತ್ಮ ಜನ್ಮದಲ್ಲಿ ಕುದುರೆ ಹತ್ತಿದವನಲ್ಲ, ಹತ್ತುವುದೆಲ್ಲ ನೀರಿನ ಟ್ಯಾಂಕಿನ ಏಣಿ. ಹೆಸರು ಬಂದದ್ದು ಹೋದ ವರ್ಷ ಹರಪನಹಳ್ಳಿಯಲ್ಲಿ ನಡೆದ ಚೆಸ್ ಪಂದ್ಯದಿಂದ, ಅದೂ ಮೆಚ್ಚಿ ಕೊಟ್ಟದ್ದಲ್ಲ. ಆ ಹೆಸರಿನಿಂದ ಯಾರು ಕರೆದರೂ ಅವನು ಓಗೊಡುತ್ತಿರಲಿಲ್ಲ. ಕಿವಿ ಕೇಳದವನ ಹಾಗೆ ಸೈಕಲ್ ತುಳಿದುಕೊಂಡು ಹೋಗಿಬಿಡುತ್ತಿದ್ದ.

ಅವನು ಆಟ ಕಲಿತದ್ದು ಅಪ್ಪನಿಂದ, ಪಂಪ್‌ಹೌಸಿನ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಗೀಚಿಕೊಂಡು. ಆ ಕಟ್ಟೆಯ ಕಾನೂನೇ ಬೇರೆ. ಸಿಪಾಯಿ ನಡೆದು ನಡೆದು ಎದುರಿನ ಕೊನೆ ಸಾಲು ಮುಟ್ಟಿದರೆ, ಆಟದ ಶುರುವಿನಲ್ಲಿ ಅದು ಯಾವ ಕಾಯಿಯ ಮನೆಯೋ ಆ ಕಾಯಿಯೇ ಆಗಬೇಕು. ಆನೆ ಮನೆಯಲ್ಲಿ ಆನೆ, ಒಂಟೆ ಮನೆಯಲ್ಲಿ ಒಂಟೆ. ನಲವತ್ತು ವರ್ಷ ಹಾಗೇ ಆಡಿದ ಕೈ ಅದು. ಹರಪನಹಳ್ಳಿಯ ಪಂದ್ಯದಲ್ಲಿ, ಇನ್ನೇನು ಗೆದ್ದೇಬಿಟ್ಟ ಅನ್ನುವಾಗ, ಅವನ ಸಿಪಾಯಿ ಕುದುರೆ ಮನೆ ಮುಟ್ಟಿತು. ದುರುಗಪ್ಪ ಠೀವಿಯಿಂದ ಸಿಪಾಯಿ ಎತ್ತಿ ಕುದುರೆ ಇಟ್ಟ.

ಎದುರಿಗೆ ಕೂತಿದ್ದವರು ನೀಲಗುಂದದ ಗಣಿತದ ಮೇಷ್ಟ್ರು ಗುರುಬಸವರಾಜ. “ಏನ್ರೀ ದುರುಗಪ್ಪ, ಪುಕ್ಕಟೆ ಮಂತ್ರಿ ಬರ್ತಿದ್ರೆ ಕುದುರಿ ತಗಂಡ್ರಲ್ರೀ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುತ್ತ ನಿಂತವರೂ ನಕ್ಕರು. ಪಂದ್ಯದ ಆಟದಲ್ಲಿ ಯಾವ ಮನೆ ಮುಟ್ಟಿದರೂ ಬೇಕಾದ ಕಾಯಿ, ಎಲ್ಲಕ್ಕಿಂತ ಬಲವಾದ ಮಂತ್ರಿಯನ್ನೇ ಬೇಕಾದರೂ, ಪಡೆಯಬಹುದೆಂದು ಅವನಿಗೆ ಗೊತ್ತಾದದ್ದು ಆಗಲೇ. ಆಟ ಸೋತ. ಆ ಸುದ್ದಿ ಅವನಿಗಿಂತ ಮೊದಲೇ ಬಸ್ ಹತ್ತಿ ಊರಿಗೆ ಬಂದು ಕೂತಿತ್ತು.

ಅವಮಾನವೆಂದರೆ ಅವಮಾನವೇ. ಮುಂದಿನ ವರ್ಷ ಅದೇ ಮೇಷ್ಟ್ರ ಎದುರು ಗೆಲ್ಲದಿದ್ದರೆ ಮತ್ತೆ ಕಾಯಿ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಸಾರಿದ. ಮಗಳು ಸಮತಾ ಹರಪನಹಳ್ಳಿಯ ಬ್ಯಾಂಕಿನಲ್ಲಿ ಗುಮಾಸ್ತೆ, ಕಾಲೇಜಿನಲ್ಲಿ ಚೆಸ್ ಆಡಿದವಳು. “ಯಪ್ಪಾ, ನೀನು ಬರೇ ಕಾಯಿ ಉಳಿಸ್ಕೊಳ್ಳಾಕ ಆಡ್ತಿ. ಮೇಲೆ ಬಿದ್ದು ಹೊಡಿಯಾದು ಕಲಿ” ಎಂದು ಚೆಸ್ ಒಗಟುಗಳ ಹಾಳೆ ತಂದುಕೊಟ್ಟಳು. ಒಂದೊಂದು ಹಾಳೆಯಲ್ಲೂ ಐದು ಚಿತ್ರ. ಕಾಯಿಗಳು ಎಲ್ಲೆಲ್ಲೋ ನಿಂತಿರುತ್ತವೆ, ಗೆಲ್ಲುವ ನಡೆ ಒಂದೇ ಇರುತ್ತದೆ, ಅದನ್ನು ಹುಡುಕಬೇಕು. “ದಿನಾ ಐದು ಬಿಡಿಸು. ಪೂರ್ತಿ ಲೆಕ್ಕ ಆಗಾತನ ಕೈ ಮಾತ್ರ ತೊಡಿ ಕೆಳಗೆ ಇಟ್ಕಂಡು ಕೂಡು.”

ನೀರಗಂಟಿಯ ಕೆಲಸ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಓಣಿಗೆ ವಾಲ್ವ್ ತಿರುಗಿಸಿದರೆ ಮುಕ್ಕಾಲು ಗಂಟೆ ಕಾಯಬೇಕು. ಅಷ್ಟು ಹೊತ್ತು ಎರಡೂ ಕೈಗಳ ಮೇಲೆ ಕೂತು ಹಾಳೆಯನ್ನೇ ದಿಟ್ಟಿಸುತ್ತಿದ್ದ. ಮೊದಲ ತಿಂಗಳು ಬರೀ ತಪ್ಪು. ಅವನು ಭದ್ರವಾದ ನಡೆ ಹುಡುಕಿದರೆ, ಉತ್ತರದಲ್ಲಿ ಆನೆಯನ್ನೇ ಬಿಟ್ಟುಕೊಟ್ಟು ರಾಜನ ಮೈಮೇಲೆ ಬೀಳು ಅಂತಿರುತ್ತಿತ್ತು.

“ಅಯ್ಯಯ್ಯೋ, ಇಂಥಾ ಆನಿ ಕೊಡಾದಾ?” ಎಂದು ಊಟಕ್ಕೆ ಕೂತಾಗಲೂ ಕೊರಗುತ್ತಿದ್ದ. ಹೆಂಡತಿ ಗಾಳೆಮ್ಮ ರೊಟ್ಟಿ ಬಡಿಯುತ್ತಲೇ, “ಪಕ್ಕದ ಮನಿಗೆ ಒಂದು ಲೋಟ ಸಕ್ಕರಿ ಕೊಡಾಕ ಹಿಂದ ಮುಂದ ನೋಡೋರು, ಆನಿ ಹೆಂಗ್ ಕೊಟ್ಟೀರಿ?” ಎಂದು ಕಿಚಾಯಿಸುತ್ತಿದ್ದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಕಣ್ಣು ಪಳಗಿತು. ಮೊದಲು ಚೆಕ್ ಇದೆಯೇ ನೋಡು, ಆಮೇಲೆ ಹೊಡೆತ ನೋಡು, ಕಾಯಿ ಹೋದರೆ ಹೋಗಲಿ. ಆನೆ ಕೊಟ್ಟು ರಾಜನನ್ನು ಹಿಡಿದ ದಿನ ಖುಷಿಗೆ ಎದ್ದು ಕುಣಿದ. ಆ ಖುಷಿಯಲ್ಲಿ ಮೋಟರ್ ಆರಿಸುವುದನ್ನು ಮರೆತ. ಟ್ಯಾಂಕ್ ತುಂಬಿ ಹರಿದು ಓಣಿಯೆಲ್ಲ ಕೆಸರಾಯಿತು. ನೀರಿಗೆ ಕಾದಿದ್ದ ಅದೇ ಓಣಿಯ ಓಬಮ್ಮಜ್ಜಿ ಕೊಡ ಕುಕ್ಕಿ, “ಏ ಕುದುರಿ ದುರುಗಪ್ಪ, ನೀರು ನಮಗ ಬಿಟ್ಟೀಯೋ, ರಸ್ತಿಗೆ ಬಿಟ್ಟೀಯೋ?” ಎಂದು ಓಣಿ ಮೂಲೆಯವರೆಗೂ ಕೇಳುವಂತೆ ಕೂಗಿದಳು. ದುರುಗಪ್ಪ ಮೋಟರ್ ಆರಿಸಿದ, ಆ ಹೆಸರಿಗೆ ಮಾತ್ರ ಓ ಅನ್ನಲಿಲ್ಲ.

ಈ ವರ್ಷದ ಪಂದ್ಯದಲ್ಲಿ ಕೊನೆಯ ಸುತ್ತಿಗೆ ಮತ್ತೆ ಅವನೂ ಗುರುಬಸವರಾಜ ಮೇಷ್ಟ್ರೂ ಇಬ್ಬರೇ ಉಳಿದರು. ದುರುಗಪ್ಪ ಶುರುವಿನಿಂದಲೇ ಮೇಲೆ ಬಿದ್ದ. ಆನೆಯನ್ನು ಒಂದು ಮಾತೂ ಆಡದೆ ಬಿಟ್ಟುಕೊಟ್ಟು ಮೇಷ್ಟ್ರ ರಾಜನನ್ನು ಗೂಡಿನಿಂದ ಹೊರಗೆಳೆದ. ಆದರೆ ಮೇಷ್ಟ್ರೂ ಕಡಿಮೆ ಆಸಾಮಿಯಲ್ಲ. ಅವರ ಮಂತ್ರಿ ಒಂದೇ ನಡೆಯಲ್ಲಿ ಇವನ ರಾಜನನ್ನು ಮುಗಿಸಲು ಕಾದು ನಿಂತಿತ್ತು. ದುರುಗಪ್ಪನ ಸಿಪಾಯಿ ಕೊನೆ ಸಾಲಿನಿಂದ ಒಂದು ಹೆಜ್ಜೆ ಹಿಂದಿತ್ತು. ಎದುರಿಗಿದ್ದದ್ದು ಅದೇ ಕುದುರೆ ಮನೆ.

ಅವನು ಕೈಚಾಚುವಷ್ಟರಲ್ಲಿ ಹಿಂದಿನಿಂದ ಯಾರೋ, “ಈ ಸಲನಾದ್ರೂ ಮಂತ್ರಿ ತಗಳ್ರಿ!” ಎಂದರು. ಎಲ್ಲರೂ ನಕ್ಕರು. ನೋಡಿದರೆ ಅವನ ಬಲಗೈ ಆಗಲೇ, ಬದಿಗಿಟ್ಟಿದ್ದ ಕುದುರೆಯ ಕಡೆ ಅರ್ಧ ಹೋಗಿತ್ತು. ಇದು ಕಟ್ಟೆಯ ಹಳೇ ಚಾಳಿಯೋ ಏನೋ ಎಂದು ತನ್ನ ಕೈಯ ಮೇಲೇ ಅವನಿಗೆ ಅನುಮಾನ ಬಂತು. ಕೈ ಹಿಂದಕ್ಕೆ ತಂದು ತೊಡೆಯ ಕೆಳಗಿಟ್ಟು ಕೂತ.

ಮಂತ್ರಿ ಮಾಡಿದರೆ ಚೆಕ್ ಇಲ್ಲ, ಮೇಷ್ಟ್ರು ಮುಂದಿನ ನಡೆಗೇ ಮೇಟ್ ಕೊಟ್ಟು ಆಟ ಮುಗಿಸುತ್ತಾರೆ. ಕುದುರೆ ಮಾಡಿದರೆ ರಾಜನಿಗೆ ಚೆಕ್, ಅದೇ ಕುದುರೆಯ ಇನ್ನೊಂದು ಹಾರುವ ದಾರಿಯಲ್ಲಿ ಮೇಷ್ಟ್ರ ಮಂತ್ರಿ. ಮೂರು ಸಲ ಲೆಕ್ಕ ಹಾಕಿದ, ಮೂರು ಸಲವೂ ಸರಿಯೇ ಬಂತು. ಆದರೆ ಎಲ್ಲರೂ ನಗುತ್ತಾರಲ್ಲ! ಲೆಕ್ಕ ತಪ್ಪಿದ್ದರೆ ಊರಲ್ಲಿ ಹೇಗೆ ತಲೆ ಎತ್ತುವುದು? ಅವನಿಗೆ ನಿಜವಾಗಿ ಭಯವಾಯಿತು. ನಗಲಿ ಬಿಡು ಎಂದುಕೊಂಡು ಸಿಪಾಯಿ ಎತ್ತಿ ಕುದುರೆ ಇಟ್ಟ.

ನಗು ಎದ್ದೇ ಎದ್ದಿತು. ಮೇಷ್ಟ್ರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಚೆಕ್ ತಪ್ಪಿಸಲು ರಾಜನನ್ನು ಸರಿಸಿದರು, ಕುದುರೆ ಹಾರಿ ಅವರ ಮಂತ್ರಿಯನ್ನು ಹೊಡೆಯಿತು. ಅಷ್ಟರಲ್ಲಿ ಸುತ್ತಲಿನ ನಗುವೂ ನಿಂತಿತ್ತು. ಇನ್ನು ನಾಲ್ಕು ನಡೆಗೆ ಮೇಷ್ಟ್ರು ಕೈಚಾಚಿ, “ಮಂತ್ರಿ ತಗಂಡಿದ್ರೆ ನಾನು ಗೆದ್ದಿದ್ದೆ ದುರುಗಪ್ಪಾರ. ಸೋತೆ ನೋಡ್ರಿ” ಎಂದರು.

ಮಾರನೆಯ ಬೆಳಿಗ್ಗೆ ವಾಲ್ವಿನ ಹತ್ತಿರ ಓಬಮ್ಮಜ್ಜಿ ಎಂದಿನಂತೆ ಕೊಡ ಕುಕ್ಕಿದಳು. “ಏ ಕುದುರಿ ದುರುಗಪ್ಪ, ನೀರು ಬಿಡಪಾ!”

“ಓ, ಬಂದೆ ಬೇ!” ಎಂದ ದುರುಗಪ್ಪ.