ಮದ್ದು ತೆಗೆಯುವವನ ಕೆನ್ನೆ

ಯರಗಟ್ಟಿ ಬಸ್ಸಿನಲ್ಲಿ ಪಕ್ಕದವರು ಕೆನ್ನೆಯೊಳಗಿನ ತಂಬಾಕಿನ ಉಂಡೆಯನ್ನು ಕಿಟಕಿಯಾಚೆ ಉಗುಳಿದರು. ನನಗೆ ಚಿಕ್ಕಂದಿನ ಒಂದು ದಿನ ನೆನಪಾಯಿತು.

ಅವ್ವನ ಹೊಟ್ಟೆನೋವಿಗೆ ಅಜ್ಜಿ ಮದ್ದು ತೆಗೆಯುವವನನ್ನು ಕರೆಸಿದ್ದಳು. ಅವನು ಅವ್ವನ ಹೊಕ್ಕುಳಿಗೆ ಕೊಳವೆಯಿಟ್ಟು ಬಾಯಿಂದ ಎಳೆದು, ಕೂದಲು ಸುತ್ತಿದ ಕರಿ ಉಂಡೆಯೊಂದನ್ನು ಜೊಲ್ಲಿನ ಸಮೇತ ತಾಟಿಗೆ ಉಗುಳಿದ.

"ನೋಡ್ರಿ, ಮನಿಯವರೇ ಊಟದಾಗ ಮದ್ದು ಹಾಕ್ಯಾರ."

ಅಜ್ಜಿ ಕಾಕಾನ ಹೆಂಡತಿಯಾದ ನಮ್ಮ ಚಿಗವ್ವನತ್ತ ತಿರುಗಿದಳು. "ಅಡಗಿ ಮಾಡಾಕಿ ನೀನ ಅಲ್ಲೇನ?"

"ಅತ್ತೀ, ಅದನ್ನ ನಾನೂ ಉಂಡೇನಲ್ರಿ!" ಎಂದು ಚಿಗವ್ವ ಅತ್ತಳು.

ಕೊಳವೆ ಇಡುವ ಮೊದಲೇ ಅವನ ಕೆನ್ನೆ ಉಬ್ಬಿದ್ದನ್ನು ನಾನು ನೋಡಿದ್ದೆ. ಬಾಯಿ ಬಿಡಲಿಲ್ಲ.

ಆಮೇಲೆ ಸವದತ್ತಿಯ ಡಾಕ್ಟರು ಪರೀಕ್ಷಿಸಿ, ಹೊಟ್ಟೆಯ ಹುಣ್ಣೆಂದು ಗುಳಿಗೆ ಕೊಟ್ಟರು. ಅವ್ವ ಗುಣವಾದಳು. ಚಿಗವ್ವನ ಕ್ಷಮೆಯನ್ನು ಯಾರೂ ಕೇಳಲಿಲ್ಲ.

ಇವತ್ತಿಗೂ ಅವಳು ನಮಗೆ ಬಡಿಸುವ ಮೊದಲು ಒಂದು ತುತ್ತು ತಾನೇ ತಿಂದು ತೋರಿಸುತ್ತಾಳೆ.