ಕುಂಕುಮವಿಲ್ಲದ ಹಾರ್ಡ್ ಡಿಸ್ಕ್

ನಮ್ಮ ಹಳೆಯ ಕಂಪ್ಯೂಟರಿನಲ್ಲಿರುವ ಹಾರ್ಡ್ ಡಿಸ್ಕ್ ಅಪ್ಪ ಕೊಂಡು ತಂದದ್ದಲ್ಲ. ಗುಜರಿಗೆ ಹಾಕುವ ಮುನ್ನ ಅದನ್ನು ಬಿಚ್ಚಿದ ತಂಗಿ ಇಂದು ಬೆಳಿಗ್ಗೆ ಮಿರಜಿನ ಅಪ್ಪನ ಮನೆಯಿಂದ ಫೋನ್ ಮಾಡಿ ಹೇಳಿದಳು.

ಅಪ್ಪ ಸಾಂಗ್ಲಿಯ ಅಂಗಡಿಗಳನ್ನು ಸುತ್ತಿ ಒಂದೊಂದೇ ಭಾಗವನ್ನು ಆರಿಸಿ ತಂದಿದ್ದರು. ಅವ್ವ ಎಲ್ಲವನ್ನೂ ಮಣೆಯ ಮೇಲಿಟ್ಟು, ಲೋಹದ ಜಾಗ ನೋಡಿ ಒದ್ದೆ ಕುಂಕುಮ ಹಚ್ಚಿದಳು. ಜೋಡಿಸಲು ಬಲ್ಲವರೆಂದರೆ ಅಪ್ಪನ ತಮ್ಮ, ಸಾಂಗ್ಲಿವಾಡಿಯ ಕಾಕಾ.

"ಇಲ್ಲೇ ಕುಂತು ಜೋಡಸಂತ ಹೇಳ್ರಿ," ಎಂದಳು ಅವ್ವ.

"ಮನಿ ಮನಷ್ಯಾಗ ಕಾವಲ ಕಾಯೂದೇನ?" ಎಂದು ಅಪ್ಪ ಗದರಿದರು.

ಕಾಕಾನ ಮನೆಯಿಂದ ಜೋಡಣೆಯಾಗಿ ಬಂದ ಕಂಪ್ಯೂಟರು ಮೊದಲಿನಿಂದಲೂ ನಡುನಡುವೆ ನಿಂತುಬಿಡುತ್ತಿತ್ತು. "ನಿಮ್ಮ ಹುಡುಗಿ ಗೇಮ್ ಆಡಿ ಕೆಡಸ್ಯಾಳ್ರಿ, ಅಣ್ಣಾ," ಎಂದು ಕಾಕಾ ನಕ್ಕರು. ಅಪ್ಪ ನಂಬಿದರು. ಮತ್ತೆ ನನಗೆ ಅದನ್ನು ಮುಟ್ಟಲು ಬಿಡಲಿಲ್ಲ. ಬಂದ ನೆಂಟರಿಗೆಲ್ಲ ನಾನು ಕಂಪ್ಯೂಟರ್ ಕೆಡಿಸಿದವಳು.

ಉಳಿದ ಭಾಗಗಳ ಮೇಲೆ ಅವ್ವನ ಕುಂಕುಮ ಇನ್ನೂ ಅಂಟಿಕೊಂಡಿದೆಯಂತೆ. ಡಿಸ್ಕಿನ ಮೇಲಿರುವುದು ಕಾಕಾ ಆಗ ಕೆಲಸಕ್ಕಿದ್ದ ಆಫೀಸಿನ ಚೀಟಿ.

"ಅಪ್ಪಾಗ ಹೇಳಿದೇನ?" ಎಂದೆ.

"ಹೇಳೇನಿ. ಡಿಸ್ಕ್ ಕೈಯಾಗ ಹಿಡದು ಆ ಚೀಟಿ ಓದಾಕತ್ತಾರ."

ಭಾನುವಾರ ಕಾಕಾ ಮಿರಜಿನ ಮನೆಗೆ ಊಟಕ್ಕೆ ಬರುತ್ತಾರೆ.