ಎಡಗೈ ಕಸಿ

ಮೇಪಲ್ ಗಿಡವನ್ನು ಗುರುತಿಸುವುದು ದೊಡ್ಡ ವಿದ್ಯೆಯೇನಲ್ಲ. ಬೆರಳು ಅಗಲಿಸಿದ ಅಂಗೈಯಂಥ ಕೆಂಪೆಲೆ, ಕಡ್ಡಿಯ ಮೇಲೆ ಎದುರುಬದುರು ಕೂತ ಮೊಗ್ಗು, ಜೋಡಿ ರೆಕ್ಕೆಯ ಬೀಜ. ಎತ್ತರವೋ, ಆಳಿಗಿಂತ ಒಂದಿಷ್ಟು ಹೆಚ್ಚು. ಇಷ್ಟು ಯಾರಿಗಾದರೂ ಕಾಣುತ್ತದೆ. ನಮ್ಮ ಕಸಿ ಮೇಸ್ತ್ರಿ ಮಾತ್ರ ಎಲೆಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಯಾರ ಮನೆಯೆದುರು ಮೇಪಲ್ ಕಂಡರೂ ಸರಿ, ಮಂಡಿಯೂರಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಬುಡದಲ್ಲಿ ಎರಡು ಕಡ್ಡಿ ಬೆಸೆದ ಗಂಟನ್ನು ಸವರುತ್ತಾರೆ. ಬೀದಿಯ ನಾಯಿಗಳು ಅವರನ್ನು ನೋಡಿ ಬೊಗಳುವುದನ್ನೂ ಬಿಟ್ಟಿವೆ.

"ಊರಲ್ಲಿರೋ ಗಿಡದ ಕಾಲೆಲ್ಲ ಹಿಡಿದಾಯ್ತು," ಎನ್ನುತ್ತಾರೆ ಹೆಂಡತಿ. "ಆವತ್ತು ತಂಗಿ ಹತ್ರ ಒಂದು ಮಾತು ತಗ್ಗಿ ಆಡಿದ್ರೆ ಸಾಕಿತ್ತಲ್ರೀ."

ಆವತ್ತು ಎಂದರೆ ಹನ್ನೆರಡು ವರ್ಷದ ಹಿಂದೆ. ತಂಗಿಗೆ ಮೇಪಲ್ ಕಸಿ ಕಲಿಸಿದವರು ಇವರೇ. ಅವಳು ಎಡಚಿ. ಚಾಕು ಬಲಗೈಯವರದು, ಒಂದೇ ಮಗ್ಗುಲು ಮಸೆದದ್ದು. ಎಡಗೈಯಲ್ಲಿ ಹಿಡಿದರೆ ಸೊಟ್ಟ ಕೊಯ್ಯುತ್ತದೆ. ತಪ್ಪು ಚಾಕುವಿನದು ಎಂದು ಆಗ ಹೊಳೆಯಲಿಲ್ಲ. ಹತ್ತು ಜನರೆದುರು ಅದನ್ನು ಕಿತ್ತುಕೊಂಡು, "ಬಲಗೈಲಿ ಕೊಯ್ಯಿ, ಇಲ್ಲಾ ಮನೇಲಿ ಕೂತ್ಕೋ," ಎಂದುಬಿಟ್ಟರು. ತಂಗಿ ಎರಡನ್ನೂ ಮಾಡಲಿಲ್ಲ, ಊರು ಬಿಟ್ಟಳು. ವಿಳಾಸವಿಲ್ಲ, ಫೋನಿಲ್ಲ. ಹಟದಲ್ಲಿ ಅಣ್ಣನಿಗಿಂತೇನೂ ಕಡಿಮೆಯಿಲ್ಲ.

ಅವಳು ಕೊಯ್ದರೆ ಗಾಯ ಎಡಕ್ಕೆ ಇಳಿಯುತ್ತದೆ. ಊರಿನ ಗಿಡ, ಹೊರಗಿನಿಂದ ಬಂದ ಗಿಡ, ಎಲ್ಲದರ ಗಂಟೂ ಬಲಕ್ಕೆ. ಅವಳು ಇನ್ನೂ ಇದ್ದಾಳೆಯೇ, ಚಾಕು ಹಿಡಿಯುತ್ತಿದ್ದಾಳೆಯೇ ಎಂದು ತಿಳಿಯಲು ಇವರಿಗೆ ಉಳಿದದ್ದು ಅದೊಂದೇ ದಾರಿ. ಎಷ್ಟೋ ಸಲ ಬರಿಗೈಯಲ್ಲಿ ಮನೆಗೆ ಬಂದು, ಊಟ ಬೇಡವೆಂದು ಮಲಗಿದ್ದುಂಟು.

ಈ ಸೋಮವಾರ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಒಂದು ವ್ಯಾನು ಎರಡು ಕುಂಡ ಇಳಿಸಿತು. ಬಗ್ಗಿದ ಮೇಸ್ತ್ರಿ ಏಳಲೇ ಇಲ್ಲ. ಗಂಟು ಎಡಕ್ಕೆ ಇಳಿದಿತ್ತು. ಎರಡನೆಯದೂ ಹಾಗೆಯೇ. ಹೆಚ್ಚೆಂದರೆ ಎರಡು ವರ್ಷದ ಗಾಯ.

"ಏನ್ ಯಜಮಾನ್ರೇ, ಹುಳ ಬಿದ್ದಿದ್ಯಾ?" ಎಂದ ಡ್ರೈವರ್.

"ಇದನ್ನ ಕಟ್ಟಿದ್ದು ಯಾರು?"

"ನಮ್ಮ ನರ್ಸರಿ ಅಕ್ಕ. ಬಲಗೈ ಚಾಕು, ಎಡಗೈಲಿ ಹಿಡೀತಾರೆ. ಬೆರಳಿಗೆಲ್ಲ ಪಟ್ಟಿ. ಬೇರೆ ತಗೊಳ್ಳಿ ಅಂದ್ರೆ, 'ನಮ್ಮಣ್ಣ ಕಲಿಸಿದ್ದು ಇಂಥದ್ರಲ್ಲೇ' ಅಂತಾರೆ."

ಮೇಸ್ತ್ರಿ ಎದ್ದರು. ಅಂಗಿಯ ಜೇಬಿನಿಂದ ಎಣ್ಣೆಬಟ್ಟೆ ಸುತ್ತಿದ ಒಂದು ಚಾಕು ತೆಗೆದು ಕೊಟ್ಟರು. ತಂಗಿ ಊರು ಬಿಟ್ಟ ತಿಂಗಳಲ್ಲೇ ಕೊಂಡದ್ದು, ಒಂದು ಕಡ್ಡಿಯನ್ನೂ ಕೊಯ್ದಿರಲಿಲ್ಲ.

ಡ್ರೈವರ್ ಬಿಚ್ಚಿ ನೋಡಿದ. "ಇದು ಎಡಗೈದು. ನಿಮ್ಮದಾ?"

"ಅವಳದ್ದೇ. ಕೊಡೋದು ತಡವಾಯ್ತು."

"ನೀವೇ ಬಂದು ಕೊಡಿ, ಹತ್ತಿ."

"ಬೇಡಪ್ಪ, ಮೊದಲು ಇದು ಹೋಗ್ಲಿ. ಅವಳು ಕರೆದ್ರೆ ಬರ್ತೀನಿ."

ವ್ಯಾನು ತಿರುವು ದಾಟಿದ ಮೇಲೂ ಅವರು ಕುಂಡದ ಪಕ್ಕದಲ್ಲೇ ನಿಂತಿದ್ದರು, ಹನ್ನೆರಡು ವರ್ಷದಲ್ಲಿ ಮೊದಲ ಸಲ ಎಲೆಗಳನ್ನು ನೋಡುತ್ತ.